ಎಡಕ್ಕೊಂದು ಅಳತೆ, ಬಲಕ್ಕೊಂದು ಅಳತೆ

ಆಷಾಢದಲ್ಲಿ ನನ್ನ ಅಂಗಡಿಗೆ ಬರುವವರು ಕಡಿಮೆ. ಮದುವೆಗಳಿಲ್ಲದ ಆ ತಿಂಗಳಲ್ಲಿ ಹೊಸಪೇಟೆಯ ಬ್ಲೌಸ್ ಹೊಲಿಯುವವರೆಲ್ಲ ಮಿಶಿನ್ನಿಗೆ ಎಣ್ಣೆ ಬಿಟ್ಟುಕೊಂಡು, ಕತ್ತರಿ ಸಾಣೆ ಹಿಡಿಸಿಕೊಂಡು ಶ್ರಾವಣಕ್ಕೆ ಕಾಯುತ್ತಿರುತ್ತೇವೆ. ಅಂಥದೊಂದು ಮಧ್ಯಾಹ್ನ ಇಬ್ಬರು ಹೆಂಗಸರು ಮೆಟ್ಟಿಲು ಹತ್ತಿ ಬಂದರು. ಒಬ್ಬರು ಕಂಪ್ಲಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಟೀಚರ್, ನನ್ನ ಹಳೆಯ ಗಿರಾಕಿ. ಇನ್ನೊಬ್ಬರು ಅವರ ನಾದಿನಿ, ಗಂಡನ ತಂಗಿ. ಟೀಚರ್ ಬಹಳ ದಿನದಿಂದ ಬಂದಿರಲಿಲ್ಲ. ಬೇರೆ ಟೈಲರನ್ನು ಹಿಡಿದಿರಬೇಕು ಅಂದುಕೊಂಡಿದ್ದೆ. ಉದ್ದ ಜಡೆಯ ಆ ತಲೆಯಲ್ಲಿ ಈಗ ಬೆರಳುದ್ದದ ಕೂದಲು, ಹೊಸದಾಗಿ ಬಂದ ಗುಂಗುರು.

ಮಾತು ಶುರು ಮಾಡಿದ್ದು ನಾದಿನಿ. "ನಮ್ಮ ಅತ್ತಿಗಿ ಮಗಳ ಮದುವಿ ಐತ್ರಿ, ಶ್ರಾವಣದಾಗ. ಅತ್ತಿಗಿ ಧಾರಿಗೆ ಕುಂದ್ರಬೇಕಲ್ಲ, ಆ ಸೀರಿಗೆ ಬ್ಲೌಸ್ ಆಗ್ಬೇಕು. ಆದ್ರ ಸ್ವಲ್ಪ ಬ್ಯಾರೆ ಥರ ಹೊಲೀಬೇಕ್ರಿ." ಆಕೆ ಟೀಚರ್ ಕಡೆ ನೋಡಿದರು.

ಟೀಚರ್ ಅಳತೆ ತೆಗೆಯುವ ಒಳಕೋಣೆಗೆ ನಡೆದರು. ನಾನು ಹಿಂದೆ ಹೋಗಿ ಪರದೆ ಎಳೆದೆ. ಅವರು ಸೆರಗು ತೆಗೆದು, ಹುಕ್ಸ್ ಬಿಚ್ಚಿ, ಕನ್ನಡಿಗೆ ಬೆನ್ನು ಮಾಡಿ ನಿಂತರು. ಬಲಗಡೆ ಎದೆ ಇರಲಿಲ್ಲ. ನಡುವಿನ ಮೂಳೆಯಿಂದ ಕಂಕುಳದವರೆಗೆ ಒಂದು ಗೆರೆ ಓರೆಯಾಗಿ ಹೋಗಿತ್ತು. ರೇಡಿಯೇಷನ್ನಿನ ಕರೆಂಟ್ ಕೊಟ್ಟ ಜಾಗದ ಚರ್ಮ ಕಪ್ಪಾಗಿ, ತೆಳ್ಳಗಾಗಿತ್ತು.

"ಪೂರ್ತಿ ತಗದಾರ್ರಿ," ಎಂದರು. ನನ್ನ ಕೈಯಲ್ಲಿದ್ದ ಟೇಪು ಮುಂದೆ ಹೋಗದಿದ್ದುದನ್ನು ಅವರು ಗಮನಿಸಿರಬೇಕು. "ಹಿಡೀರಿ, ಏನೂ ಆಗಂಗಿಲ್ಲ. ಕಂಕುಳ ಹತ್ರ ಮಾತ್ರ ಸ್ವಲ್ಪ ನಿಧಾನ."

ಬ್ಲೌಸಿನ ಲೆಕ್ಕ ನನ್ನ ಕೈಗೆ ಅಂಟಿಕೊಂಡದ್ದು. ಎದೆಯ ಸುತ್ತಳತೆ ತೆಗೆದು ನಾಲ್ಕರಿಂದ ಭಾಗಿಸಬೇಕು, ಅದಕ್ಕೆ ಹೊಲಿಗೆಯ ಬಟ್ಟೆ ಸೇರಿಸಬೇಕು. ಬಟ್ಟೆಯನ್ನು ಜೋಡಿ ಮಡಚಿ ಒಂದೇ ಸಲ ಕತ್ತರಿಸಿದರೆ ಎಡ, ಬಲ ಎರಡೂ ಸಿಗುತ್ತವೆ. ಅಂದು ಟೇಪನ್ನು ಸುತ್ತ ತಂದು ನೋಡಿದೆ. ಬಂದ ಅಂಕಿಯಿಂದ ಏನೂ ಮಾಡುವಂತಿರಲಿಲ್ಲ. ಟೀಚರ್ ನಕ್ಕರು.

"ನಿಮ್ಮ ಸೂತ್ರದಾಗ ಎರಡೂ ಕಡಿ ಸಮ ಅಂತ ಹಿಡಿದೀರಿ. ಈಗ ಸೂತ್ರ ಬದಲಿ ಮಾಡ್ರಿ."

ನಡುಮೂಳೆಯಿಂದ ಎಡಕ್ಕೆ ಒಂದು ಅಳತೆ, ಬಲಕ್ಕೆ ಇನ್ನೊಂದು ಅಳತೆ ತೆಗೆದೆ. ತೋಳಿಗೂ ಹಾಗೆಯೇ ಮಾಡಬೇಕಾಯಿತು. ಕಂಕುಳದ ಗಂಟುಗಳನ್ನೂ ತೆಗೆದಿದ್ದರಿಂದ ಬಲಗೈ ಬಾವು ಬಂದು ದಪ್ಪಗಾಗಿತ್ತು. ಬಿಗಿ ತೋಳು ಹಾಕಬಾರದೆಂದು ಡಾಕ್ಟರು ಹೇಳಿದ್ದರಂತೆ.

ಹೊರಗೆ ಬಂದಾಗ ನಾದಿನಿ ಸ್ಟೂಲನ್ನು ನನ್ನ ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. "ನೋಡ್ರಿ ಅಕ್ಕಾರ, ನಿಮ್ಮ ಮುಂದ ಮುಚ್ಚಿಡೋದೇನೈತಿ. ಬೀಗರಿಗೆ ಇದು ಗೊತ್ತಿಲ್ಲ. ಅತ್ತಿಗಿಗೆ ಗರ್ಭಕೋಶದ ಆಪರೇಷನ್ ಆಗೈತಿ ಅಂತ ಹೇಳೀವಿ. ಎರಡೂ ಕಡಿ ಸಮ ಕಾಣಬೇಕು. ನೋಡಿದೋರಿಗೆ ಒಂಚೂರೂ ಅನುಮಾನ ಬರಬಾರ್ದು. ತಾಯಿಗೆ ಈ ರೋಗ ಅಂದ್ರ ಮಗಳನ್ನ ಯಾರು ತಗೊಂತಾರ್ರಿ?"

ಈ ನಾದಿನಿಯನ್ನು ಕೆಟ್ಟವರು ಎನ್ನುವಂತಿಲ್ಲ. ಚಿಕಿತ್ಸೆಯುದ್ದಕ್ಕೂ ಟೀಚರ್ ಜೊತೆ ಬಳ್ಳಾರಿಗೆ ಓಡಾಡಿದವರು, ವಾಂತಿ ಬಳಿದವರು, ಗಂಜಿ ಕಾಯಿಸಿ ಕುಡಿಸಿದವರು ಆಕೆಯೇ. ಸಂಡೂರಿನ ಆ ಸಂಬಂಧವನ್ನು ಹುಡುಕಿ ತಂದವರೂ ಆಕೆಯೇ. ಟೀಚರ್ ಗಂಡ ಒಳ್ಳೆಯ ಮನುಷ್ಯ. ಹೆಂಗಸರ ವಿಷಯ ಹೆಂಗಸರೇ ನೋಡಿಕೊಳ್ಳಲಿ ಎಂದು ಬಿಟ್ಟಿದ್ದರು.

ನಮ್ಮ ಕಡೆ ಸೆರಗು ಎಡ ಹೆಗಲ ಮೇಲೆ ಬರುತ್ತದೆ. ಆಪರೇಷನ್ ಎಡಕ್ಕಾಗಿದ್ದರೆ ಸೆರಗಿನ ನೆರಿಗೆಗಳೇ ಅರ್ಧ ಮುಚ್ಚುತ್ತಿದ್ದವು. ಬಲಗಡೆ ಬ್ಲೌಸು ತೆರೆದೇ ಇರುತ್ತದೆ, ನೋಡುವವರ ಕಣ್ಣು ಬೀಳುವುದೂ ಅಲ್ಲಿಗೇ. ಹಾಗಾಗಿ ಉಳಿದದ್ದು ಒಂದೇ ದಾರಿ, ಒಳಗೆ ಏನಾದರೂ ತುಂಬುವುದು.

ಮೊದಲು ಅಂಗಡಿಯಲ್ಲಿ ಸಿಗುವ ಸ್ಪಂಜಿನ ಕಪ್ಪನ್ನು ಲೈನಿಂಗಿಗೆ ಸೇರಿಸಿ ಹೊಲಿದೆ. ಹಾಕಿಕೊಂಡು ನಿಂತಾಗ ಚೆನ್ನಾಗಿಯೇ ಕಂಡಿತು. ಟೀಚರ್ ಕೈ ಎತ್ತಿ ಕೂದಲು ಸರಿ ಮಾಡಿಕೊಂಡರು. ಆ ಕಪ್, ಬ್ಲೌಸಿನ ಬಟ್ಟೆಯ ಸಮೇತ ಮೇಲೆದ್ದು ಕತ್ತಿನ ಮೂಳೆಯ ಹತ್ತಿರ ಹೋಗಿ ಕೂತಿತು, ಕೈ ಇಳಿಸಿದರೂ ಇಳಿಯಲಿಲ್ಲ. ಭಾರವಿಲ್ಲದ್ದು ನಿಲ್ಲುವುದಿಲ್ಲ ಎಂದು ಎರಡನೆಯ ಸಲ ತೆಳು ಬಟ್ಟೆಯ ಚೀಲ ಹೊಲಿದು ಅದಕ್ಕೆ ಸಾಸಿವೆ ತುಂಬಿದೆ. ಎಡಗಡೆಯ ಭಾರಕ್ಕೆ ಸಮ ಬರುವವರೆಗೆ ಸ್ವಲ್ಪ ಸ್ವಲ್ಪವೇ ಸೇರಿಸಿದೆ. ಆಕಾರ ಬಂತು. ಆದರೆ ಆ ಭಾರವನ್ನು ಹೊರುವ ಮೈ ಒಳಗಿರಲಿಲ್ಲ, ಹೊತ್ತದ್ದು ಬರಿಯ ಬಟ್ಟೆ. ಬಲ ಹೆಗಲು ಜಗ್ಗಿತು, ಕುತ್ತಿಗೆಯ ಅಂಚು ಓರೆಯಾಯಿತು. ಮೂರನೆಯ ಸಲ ಚೀಲಕ್ಕೆ ಬೇರೆ ಜೇಬು ಮಾಡಿ, ಎದೆಯ ಕೆಳಗೆ ಎಲಾಸ್ಟಿಕ್ ಪಟ್ಟಿ ಕೊಟ್ಟು, ಅದನ್ನು ಬೆನ್ನಿನವರೆಗೆ ಒಯ್ದು ಬಿಗಿದೆ. ಈ ಸಲ ಕೈ ಎತ್ತಿದರೂ ಬಗ್ಗಿದರೂ ಏನೂ ಕದಲಲಿಲ್ಲ.

ನಾದಿನಿಯ ಕಣ್ಣಲ್ಲಿ ನೀರು ಬಂತು. "ಈಗ ನೋಡ್ರಿ ಅತ್ತಿಗಿ! ಮೊದಲಿನಂಗ ಹೆಣ್ಣಮಗಳು ಕಂಡಂಗ ಕಾಣ್ತೀರಿ."

ಟೀಚರ್ ಕನ್ನಡಿಯಲ್ಲಿ ನೋಡಿಕೊಂಡರು. "ಇಷ್ಟು ದಿನ ಏನ್ ಕಾಣ್ತಿದ್ದೆ?" ಎಂದು ಕೇಳಿದರು. ಕೋಪವಿರಲಿಲ್ಲ, ಪಾಠದ ನಡುವೆ ಪ್ರಶ್ನೆ ಕೇಳಿದಂತಿತ್ತು.

ಹಾಕಿಕೊಂಡೇ ಸ್ವಲ್ಪ ಹೊತ್ತು ಕುಳಿತಿರಿ, ಧಾರೆಯ ದಿನ ಬೆಳಗಿನಿಂದ ಊಟದವರೆಗೆ ಮೈಮೇಲಿರಬೇಕಲ್ಲ ಎಂದು ನಾನೇ ಹೇಳಿದೆ. ಚಹಾ ತರಿಸಿದೆ. ಫ್ಯಾನು ತಿರುಗುತ್ತಿದ್ದರೂ ಸೆಕೆ. ಚಹಾ ಮುಗಿಯುವಷ್ಟರಲ್ಲಿ ಟೀಚರ್ ಹಣೆಯಲ್ಲಿ ಬೆವರಿಳಿಯುತ್ತಿತ್ತು. ಒಳಗೆ ಕರೆದುಕೊಂಡು ಹೋಗಿ ಬಿಚ್ಚಿಸಿದೆ. ಗಾಯದ ಗೆರೆಯುದ್ದಕ್ಕೂ ಕೆಂಪಾಗಿ, ಪಟ್ಟಿ ಕೂತಲ್ಲಿ ಸಣ್ಣ ಗುಳ್ಳೆಗಳು ಎದ್ದಿದ್ದವು.

"ಇದು ಬ್ಯಾಡ್ರಿ," ಎಂದರು. ಆಮೇಲೆ ದನಿ ತಗ್ಗಿಸಿ, "ಏನೂ ತುಂಬದ, ನಾ ಹೆಂಗ ಅದೀನಿ ಹಂಗ ಹೊಲಿಯಾಕ ಬರ್ತೈತೇನ್ರಿ?"

ಬರುತ್ತದೆ ಎಂದೆ. ಹೇಗೆ ಎಂದು ನನಗೆ ಗೊತ್ತಿರಲಿಲ್ಲ.

ಪರದೆಯಾಚೆ ನಾದಿನಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಅತ್ತಿಗಿ, ಒಂದ ದಿನದ ಮಾತ್ರಿ. ಹುಡುಗಿ ಸಲುವಾಗಿ ಒಂದ ದಿನ ತಡಕೊಳ್ರಿ."

"ಒಂದ ದಿನ ಅಲ್ಲ. ಧಾರಿ ದಿನ ಹಾಕ್ಕೊಂಡ್ರ ಮನಿ ತುಂಬಿಸೋ ದಿನ ಹಾಕ್ಕೋಬೇಕು, ಸೀಮಂತಕ್ಕ ಹಾಕ್ಕೋಬೇಕು, ಮೊಮ್ಮಗನ ಜವಳಕ್ಕ ಹಾಕ್ಕೋಬೇಕು. ಅವರು ಬಂದಾಗೊಮ್ಮೆ ಒಳಗ ಓಡಿ ಹಾಕ್ಕೊಂಡು ಬರ್ಬೇಕು."

ಆ ಮಾತು ಅಲ್ಲಿಗೇ ತುಂಡಾಯಿತು. ಒಂದೆರಡು ದಿನ ಬಿಟ್ಟು ಮಗಳು ತನ್ನ ಅಳತೆ ಕೊಡಲು ಬಂದಳು. ಸಂಡೂರಿನ ಕಡೆಯ ಒಂದು ಗಣಿಯಲ್ಲಿ ಅದಿರು ಪರೀಕ್ಷಿಸುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ವರನೂ ಅದೇ ಗಣಿಯ ಎಂಜಿನಿಯರು. ಹಂಪಿ ಬಜಾರಿನ ಕಲ್ಲು ಮಂಟಪಗಳ ಮುಂದೆ ಮದುವೆಗೆ ಮೊದಲಿನ ಫೋಟೊ ತೆಗೆಸಿಕೊಳ್ಳಲು ಒಂದು ಬ್ಲೌಸು ಬೇಗ ಬೇಕಿತ್ತು. ಸೋದರತ್ತೆಯೂ ತಾಯಿಯೂ ಜೊತೆಗಿದ್ದರು. ಅಳತೆ ಕೊಡುತ್ತ ನಿಂತಾಗ ಮೇಜಿನ ಮೇಲಿದ್ದ ಸಾಸಿವೆ ಚೀಲವನ್ನು ನೋಡಿ ಏನಿದು ಎಂದು ಕೇಳಿದಳು. ಅವಳೇ ಎತ್ತಿಕೊಂಡು ಅಂಗೈಯಲ್ಲಿ ತೂಗಿದಳು. ಅರ್ಥವಾಯಿತು.

"ಅವರಿಗೆ ಹೇಳಿಲ್ಲೇನ್ ಇನ್ನೂ? ಅತ್ತಿ, ನೀ ಹೇಳೀನಿ ಅಂದಿದ್ಯಲ್ಲ?"

"ಮದುವಿ ಆಗ್ಲಿ, ಆಮ್ಯಾಲ ಹೇಳಿದ್ರಾತು ಅಂತ..."

"ಮುಚ್ಚಿಟ್ಟು ಮದುವಿ ಆದ್ರ ಜೀವನ ಪೂರ್ತಿ ಅವ್ವನ್ನ ಮುಚ್ಚಿಡಬೇಕಾಗ್ತೈತಿ ನಾನು. ಅದು ನನ್ನ ಕೈಲಿ ಆಗಂಗಿಲ್ಲ."

ಟೀಚರ್ ಮಗಳ ಕೈಯಿಂದ ಚೀಲವನ್ನು ತೆಗೆದು ನನ್ನ ಕಡೆ ಸರಿಸಿದರು. "ಸಾಸಿವಿ ಒಗ್ಗರಣಿಗೆ ತಗೊಳ್ರಿ. ನೀವು ಖಾಲಿ ಬ್ಲೌಸಿಂದು ನೋಡ್ರಿ. ಹೇಳೋದು ನಾನ ಹೇಳ್ತೀನಿ."

ನೋಡಿದೆ. ತುಂಬಿದ್ದಕ್ಕಿಂತ ಖಾಲಿಯದು ಕಷ್ಟವಿತ್ತು. ರೇಷ್ಮೆಗೆ ಕತ್ತರಿ ಹಾಕುವ ಮೊದಲು ಕೋರಾ ಬಟ್ಟೆಯಲ್ಲಿ ಮಾದರಿ ಮಾಡಿದೆ. ಎಡ ಮುಂಭಾಗಕ್ಕೆ ಎಂದಿನಂತೆ ಉಬ್ಬಿಗಾಗಿ ಮಡಿಕೆ ಹೊಲಿಯುವ ಟಕ್ಸ್ ಕೊಟ್ಟು, ಬಲ ಮುಂಭಾಗವನ್ನು ಟಕ್ಸ್ ಇಲ್ಲದೆ ಸಪಾಟಾಗಿ ಕತ್ತರಿಸಿದೆ. ಹಾಕಿಸಿ ನೋಡಿದರೆ ಎಡಭಾಗ ಬಟ್ಟೆಯನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡಿತು. ನಡುವಿನ ಹುಕ್ಸ್ ಸಾಲು ಎಡಕ್ಕೆ ವಾಲಿತು, ಬಲಗಡೆ ಕುತ್ತಿಗೆ ಬಾಯಿ ಬಿಟ್ಟು ಗಾಯ ಕಾಣುವಂತಾಯಿತು. ಕುತ್ತಿಗೆ ಏರಿಸಿ ಮತ್ತೊಂದು ಮಾದರಿ ಮಾಡಿದೆ. ಬಾಯಿ ಮುಚ್ಚಿತು, ಸೊಟ್ಟ ಹೋಗಲಿಲ್ಲ. ಹುಕ್ಸನ್ನು ಬೆನ್ನಿಗೆ ಒಯ್ಯೋಣವೆಂದರೆ ಟೀಚರ್ ಬಲಗೈ ಹಿಂದಕ್ಕೆ ಹೋಗುತ್ತಿರಲಿಲ್ಲ. ತಮ್ಮ ಬಟ್ಟೆಯನ್ನು ತಾವೇ ಹಾಕಿಕೊಳ್ಳುವಂತಿರಬೇಕು ಎಂದು ಅವರು ಮೊದಲೇ ಹೇಳಿದ್ದರು.

ಎಡ, ಬಲ ಸೇರುವ ಗೆರೆ ನಡುವಿನಲ್ಲೇ ಇರಬೇಕೆಂದು ನಾನು ಹಟ ಹಿಡಿದದ್ದೇ ತೊಡಕಾಗಿತ್ತು. ಮೈ ಹಾಗಿಲ್ಲದಿರುವಾಗ ಗೆರೆ ಯಾಕಿರಬೇಕು? ಹಿಂದಿನ ಗಂಡಸರ ಬಾರಾಬಂದಿಯಲ್ಲಿ ಒಂದು ಪಕ್ಕ ಇನ್ನೊಂದರ ಮೇಲೆ ಅಡ್ಡ ಹಾಯುತ್ತಿತ್ತಲ್ಲ, ಹಾಗೆ ಎಡ ಮುಂಭಾಗವನ್ನು ಅಗಲವಾಗಿ ಬಿಟ್ಟೆ. ಅದು ಎದೆಯ ಮೇಲೆ ಓರೆಯಾಗಿ ಹಾದು ಬಲ ಪಕ್ಕೆಯ ಹತ್ತಿರ, ಗಾಯಕ್ಕಿಂತ ಕೆಳಗೆ, ಬಂದು ಸೇರಿತು. ಹುಕ್ಸು ಅಲ್ಲಿ, ಎಡಗೈಗೆ ನೇರ ಸಿಗುವಂತೆ. ಎಡಭಾಗದ ಎಳೆತವನ್ನೇ ಆ ಓರೆ ಅಂಚು ಹೊತ್ತುಕೊಂಡು ಬಟ್ಟೆಯನ್ನು ಸಪಾಟಾಗಿ ಕೂರಿಸಿತು. ಕಂಕುಳದ ಹೊಲಿಗೆಯನ್ನು ಬೆನ್ನಿನ ಕಡೆ ಸರಿಸಿದೆ. ಲೈನಿಂಗಿಗೆ ಹಳೆಯ ಮಲ್‌ಮಲ್ ಪಂಚೆ ಹಾಕಿ, ಅದರ ಹೊಲಿಗೆ ಅಂಚುಗಳನ್ನೆಲ್ಲ ಮೈಗೆ ತಾಗದ ಹಾಗೆ ಹೊರಮುಖ ಮಾಡಿದೆ.

ಈ ಮಾದರಿಯನ್ನು ಟೀಚರಿಗೆ ಹಾಕಿ ನೋಡುತ್ತಿದ್ದ ದಿನವೇ ವರನ ತಾಯಿ ಬಂದದ್ದು. ಸೊಸೆಗೆ ತಮ್ಮ ಕಡೆಯಿಂದ ಕೊಡುವ ಸೀರೆಗಳ ಬ್ಲೌಸಿಗಾಗಿ ದೊಡ್ಡ ಚೀಲ ಹಿಡಿದು ಸಂಡೂರಿನಿಂದ ಬಂದಿದ್ದರು. ಹೊರಗೆ ನಾದಿನಿ "ಬರ್ರಿ, ಕುಂದ್ರಿ" ಎನ್ನುತ್ತ ನನಗೆ ಕಣ್ಣಲ್ಲೇ ಸನ್ನೆ ಮಾಡಿದರು: ಅತ್ತಿಗೆಯನ್ನು ಒಳಗೇ ಇರಿಸಿಕೊಳ್ಳಿ. ನಾನು ಪರದೆಯ ಅಂಚು ಹಿಡಿದು ನಿಂತೆ. ಟೀಚರ್ ನನ್ನ ಕೈ ಸರಿಸಿ ಹೊರಗೆ ಹೋದರು. ಸೆರಗು ಎಂದಿನಂತೆ ಎಡ ಹೆಗಲ ಮೇಲಿತ್ತು.

ವರನ ತಾಯಿಯ ಕಣ್ಣು ಮೊದಲು ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು. ಆಕೆ ಕೂತವರು ಅರ್ಧ ಎದ್ದರು.

"ಕುಂದ್ರಿ ಬೀಗಿತ್ತೇರ. ನಿಮಗ ಒಂದ ಮಾತ ಹೇಳಬೇಕಾಗಿತ್ತು, ತಡ ಆತು. ನನಗಾಗಿದ್ದು ಗರ್ಭಕೋಶದ ಆಪರೇಷನ್ ಅಲ್ಲ. ಎದಿಯೊಳಗ ಕ್ಯಾನ್ಸರ್ ಇತ್ತು. ತಗದಾರ. ಈಗ ಆರಾಮ ಅದೀನಿ. ತೋರಿಸ್ಕೊಂತ ಇರಬೇಕು."

ವರನ ತಾಯಿ ಕೇಳಿದರು. "ಹುಡುಗಿಗೂ ಬರ್ತೈತೇನ್ರಿ?"

"ಬರಬಹುದು, ಬರದ ಇರಬಹುದು. ಹುಷಾರಾಗಿ ವರ್ಷಕ್ಕೊಮ್ಮೆ ತೋರಿಸ್ಬೇಕು ಅಂದಾರ ಡಾಕ್ಟರು. ಬರಂಗಿಲ್ಲ ಅಂತ ನಾ ಹೆಂಗ ಮಾತ ಕೊಡ್ಲಿ? ನನಗ ಬರ್ತೈತಿ ಅಂತ ನನಗ ಗೊತ್ತಿತ್ತೇನು?"

ವರನ ತಾಯಿ ಬೈಯಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ಸೀರೆಯ ಚೀಲವನ್ನು ಬಿಚ್ಚದೆ ಎತ್ತಿಕೊಂಡು, "ಮನಿಯಾಗ ಮಾತಾಡ್ತೀನ್ರಿ" ಎಂದು ಮೆಟ್ಟಿಲಿಳಿದರು.

ನಾದಿನಿ ನನ್ನ ಮೇಲೆ ಎಗರಿದರು. "ನೀವರ ತಡೀಬಾರದೇನ್ರಿ? ಒಂದ ಪರದಿ ಹಿಡಿಯಾಕ ಆಗ್ಲಿಲ್ಲ ನಿಮಗ! ಎಷ್ಟು ಮನಿ ಬಾಗಲಾ ತಿರುಗಿ ಹುಡಿಕಿದ ಸಂಬಂಧ ಅದು!" ಎಂದು ಅಲ್ಲೇ ಕೂತು ಅತ್ತರು. ಟೀಚರ್ ಅವರ ಬೆನ್ನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು.

ಆಷಾಢ ಮುಗಿಯುತ್ತ ಬಂದರೂ ಸಂಡೂರಿನಿಂದ ಫೋನಿಲ್ಲ. ನನ್ನ ಮೇಜಿನ ಮೇಲೆ ಟೀಚರ್ ಸೀರೆಯ ಬ್ಲೌಸ್ ಪೀಸು ಹಾಗೆಯೇ ಬಿದ್ದಿತ್ತು. ಇಟ್ಟಿಗೆ ಬಣ್ಣದ ರೇಷ್ಮೆ, ಹಸಿರು ಅಂಚು. ಅಳತೆಗೆ ಸರಿಯಾಗಿ ಇದ್ದದ್ದು ಅಷ್ಟೇ. ಎಡ ಮುಂಭಾಗ ಅಗಲ ಬೇಕಾದ್ದರಿಂದ ಒಮ್ಮೆ ಈ ರೀತಿ ಕತ್ತರಿಸಿದರೆ ಮತ್ತೆ ಜೋಡಿ ಮುಂಭಾಗದ ಬ್ಲೌಸು ಅದರಲ್ಲಿ ಬರುವುದಿಲ್ಲ. ಮದುವೆಯೇ ನಿಂತರೆ? ಅಥವಾ ಬೀಗರು ಒಪ್ಪಿ, ಆದರೆ ಮುಚ್ಚಿಕೊಂಡೇ ಕೂರಬೇಕು ಅಂದರೆ? ಇನ್ನಷ್ಟು ದಿನ ನೋಡೋಣವೇ ಎಂದು ಟೀಚರಿಗೆ ಫೋನು ಮಾಡಿದೆ.

"ಏನರ ಸುದ್ದಿ ಬಂದೈತೇನ್ರಿ?"

"ಇಲ್ರಿ. ನನ್ನ ರಜಾ ಮುಗೀತು. ಶಾಲಿಗೆ ಹೋಗಾಕತ್ತೀನಿ. ಮಕ್ಕಳು ಒಂದ ದಿನ ನೋಡಿದ್ರು, ಮರುದಿನ ಲೆಕ್ಕ ಬರ್ಯಾಕ ಹತ್ತಿದ್ರು," ಎಂದು ನಕ್ಕು, "ನೀವು ಕತ್ತರಿ ಹಾಕ್ರಿ. ಮದುವಿ ಆದ್ರೂ ನಂದ ಮೈ ಇದು, ಆಗದಿದ್ರೂ ಇದ" ಎಂದರು.

ಬಾಗಿಲು ಎಳೆದುಕೊಂಡು ರೇಷ್ಮೆಯನ್ನು ಹಾಸಿದೆ. ಯಾವಾಗಲೂ ಜೋಡಿ ಮಡಚಿ ಕತ್ತರಿಸುವ ಕೈ, ಬಟ್ಟೆಯನ್ನು ಒಂಟಿಯಾಗಿ ಹರಡಿದಾಗ ಹೆದರಿತು. ಎಡ ಮುಂಭಾಗ, ಬಲ ಮುಂಭಾಗ, ಎರಡು ಬೇರೆ ತೋಳು: ಒಂದೊಂದನ್ನೂ ಬೇರೆ ಗುರುತು ಮಾಡಿ ಬೇರೆಯಾಗಿ ಕತ್ತರಿಸಿದೆ. ಕೆಲಸ ಮಾಡುತ್ತ ಒಂದು ವಿಷಯ ಮನಸ್ಸಿಗೆ ಬಂತು. ಪರದೆಯ ಒಳಗೆ ನಿಂತವಳ ಬ್ಲೌಸು ಹೇಗಿರಬೇಕೆಂದು ನನಗೆ ಹೇಳುವವರು ಹೆಚ್ಚಾಗಿ ಪರದೆಯ ಹೊರಗೆ ಸ್ಟೂಲಿನ ಮೇಲೆ ಕೂತವರು. ತಾಯಿ, ಅತ್ತೆ, ಅಕ್ಕ. ಇಳಿಸಿ, ಏರಿಸಿ, ಬಿಗಿ ಮಾಡಿ, ತುಂಬಿಸಿ. ಹಸೆಮಣೆ ಏರುವ ಎಷ್ಟೋ ಹುಡುಗಿಯರಿಗೆ ಅವರನ್ನು ಕೇಳದೆಯೇ ನಾನು ಸ್ಪಂಜಿನ ಕಪ್ ಸೇರಿಸಿ ಹೊಲಿದಿದ್ದೇನೆ. ಆಮೇಲಿಂದ ಎಲ್ಲರಿಗೂ ಎರಡು ಬದಿಯ ಅಳತೆಯನ್ನೂ ಬೇರೆ ಬೇರೆ ತೆಗೆಯುತ್ತೇನೆ. ಎಡ, ಬಲ ಒಂದೇ ಇರುವ ಹೆಂಗಸು ಇದುವರೆಗೆ ಸಿಕ್ಕಿಲ್ಲ.

ಗುಂಡಿ, ಹುಕ್ಸು ಮುಗಿಸಿ ಇಸ್ತ್ರಿ ಮಾಡಿಟ್ಟಿದ್ದೆ. ಶ್ರಾವಣ ಹುಟ್ಟಿದ ಮೇಲೆ ಒಂದು ಬೆಳಿಗ್ಗೆ ವರನ ತಾಯಿ ಒಬ್ಬರೇ ಬಂದರು, ಅದೇ ಚೀಲ ಹಿಡಿದುಕೊಂಡು.

"ಹುಡುಗಿ ಅಳತಿ ನಿಮ್ಮ ಹತ್ರನ ಐತಲ್ಲ? ಇವಿಷ್ಟೂ ಹೊಲೀಬೇಕು, ಜಲ್ದಿ." ಕೂತು ನೀರು ಕೇಳಿದರು. "ನಮ್ಮ ಹುಡುಗ ಒಂದ ಹಟ ಹಿಡದು ಕುಂತಾನ. ಆಕಿ ಬಿಟ್ರ ಬ್ಯಾರೆ ಬ್ಯಾಡ ಅಂತ. ನನಗ ಇನ್ನೂ ಹೆದರಿಕಿ ಹೋಗಿಲ್ರಿ, ಸುಳ್ಳ್ಯಾಕ ಹೇಳ್ಲಿ. ಆದ್ರ ಅಷ್ಟು ಮಾತು ಎದುರಿಗೆ ನಿಂತು ಹೇಳಿದ್ರಲ್ಲ ಅವರು. ನಮ್ಮ ಮಂದಿಯೊಳಗ ಹಂಗ ಹೇಳೋರನ್ನ ನಾ ನೋಡಿಲ್ಲ."

ಎದ್ದು ಹೋಗುವಾಗ ಬಾಗಿಲಲ್ಲಿ ನಿಂತರು. "ಒಂದ ಕೆಲಸ ಮಾಡ್ರಿ. ಅವರ ಬ್ಲೌಸಿಗೆ ಸ್ವಲ್ಪ ಏನರ ತುಂಬಿ ಹೊಲೀರಿ. ನಾ ಹೇಳೀನಿ ಅಂತ ಹೇಳಬ್ಯಾಡ್ರಿ. ನಮ್ಮ ಕಡಿ ಮಂದಿ ಭಾಳ ಬರ್ತಾರ, ಧಾರಿ ಹೊತ್ತಿನಾಗ ಎಲ್ಲಾರ ಕಣ್ಣೂ ಅಲ್ಲೇ ಇರ್ತಾವ."

"ಹೊಲಿದಾಗೈತ್ರಿ," ಎಂದು ಬ್ಲೌಸನ್ನು ತೆಗೆದು ಅವರ ಕೈಗೆ ಕೊಟ್ಟೆ.

ಆಕೆ ಅದನ್ನು ಬಿಡಿಸಿ ಹಿಡಿದರು. ಒಂದು ಬದಿ ತುಂಬಿ, ಇನ್ನೊಂದು ಬದಿ ಸಪಾಟು, ನಡುವೆ ಓರೆಯಾಗಿ ಇಳಿದ ಹಸಿರು ಅಂಚು. ಒಳಗೆ ಕೈ ಹಾಕಿ ಮಲ್‌ಮಲ್ ಸವರಿ ನೋಡಿದರು. "ಮೆತ್ತಗ ಐತಿ," ಎಂದರು. ಆಮೇಲೆ, "ಎಲ್ಲಾರೂ ನೋಡ್ತಾರ್ರಿ."

"ನೋಡ್ಲಿ ಅಂತನ ಹೊಲಿಸ್ಯಾರ್ರಿ."

ಆಕೆ ಅದನ್ನು ನೀಟಾಗಿ ಮಡಚಿ ವಾಪಸು ಕೊಟ್ಟರು. ಮತ್ತೆ ಆ ಮಾತೆತ್ತಲಿಲ್ಲ.

ಮದುವೆ ಕಂಪ್ಲಿಯ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ನಾನೂ ಹೋಗಿದ್ದೆ. ಎಮ್ಮಿಗನೂರಿನ ಕಡೆಯ ನೆಂಟರು ತುಂಬಿ ಊಟದ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲ ಸಾಲಿನಲ್ಲಿ ಕೂತ ಹೆಂಗಸರು ಒಬ್ಬರ ಕಿವಿಗೆ ಒಬ್ಬರು ಬಾಗಿದ್ದನ್ನು ಕಂಡೆ. ವರನ ಕಡೆಯ ಇಬ್ಬರು ಹಿರಿಯ ಹೆಂಗಸರು ಟೀಚರ್ ಕೈಯಿಂದ ಕುಂಕುಮ ಹಚ್ಚಿಸಿಕೊಳ್ಳದೆ ಜಾರಿಕೊಂಡರು. ಒಬ್ಬ ಮುದುಕಿ ಮಾತ್ರ ನೇರವಾಗಿ, "ಏನಾತವ್ವ ಅಲ್ಲಿ?" ಎಂದು ಕೇಳಿದಳು. "ಗಂಟಿತ್ತಜ್ಜಿ, ತಗಿಸಿದೆ" ಎಂದರು ಟೀಚರ್. "ಚೊಲೊ ಮಾಡಿದಿ" ಎಂದು ಮುದುಕಿ ಅಕ್ಷತೆಗೆ ಕೈ ಚಾಚಿದಳು.

ಧಾರೆಗೆ ಕರೆದರು. ಟೀಚರ್ ಮಗಳ ಪಕ್ಕ ನಿಂತು ನೀರಿನ ತಂಬಿಗೆಗೆ ಕೈ ಹಾಕಿದಾಗ ವಿಡಿಯೋದವನ ದೀಪ ಅವರ ಬಲಗಡೆಗೇ ಬಿತ್ತು. ಯಾರೋ ಒಬ್ಬ ನೆಂಟಳು, ಒಳ್ಳೆಯ ಮನಸ್ಸಿನಿಂದಲೇ ಇರಬೇಕು, ವೇದಿಕೆ ಹತ್ತಿ ಒಂದು ರೇಷ್ಮೆ ಶಾಲನ್ನು ಅವರ ಹೆಗಲಿನಿಂದ ಎದೆಯ ಮೇಲೆ ಹೊದಿಸಿದಳು. ಟೀಚರ್ ಎರಡೂ ಕೈಯಲ್ಲಿ ತಂಬಿಗೆ ಹಿಡಿದಿದ್ದರು, ಶಾಲನ್ನು ತೆಗೆಯುವಂತಿರಲಿಲ್ಲ.

ಹಿಂದೆ ಆರತಿ ತಟ್ಟೆ ಹಿಡಿದು ನಿಂತಿದ್ದವರು ನಾದಿನಿ. ತಟ್ಟೆಯನ್ನು ಪಕ್ಕದವಳ ಕೈಗೆ ಕೊಟ್ಟು ಮುಂದೆ ಬಂದರು. ಶಾಲನ್ನು ಎಳೆದು ತೆಗೆದು, ಮಡಚಿ, ಆ ನೆಂಟಳಿಗೆ ವಾಪಸು ಕೊಡುತ್ತ ಎಲ್ಲರಿಗೂ ಕೇಳುವಂತೆ ಹೇಳಿದರು:

"ಸೆಕಿ ಐತ್ರಿ. ನಮ್ಮ ಅತ್ತಿಗಿಗೆ ಇದು ಬ್ಯಾಡ."